ಪಾಯಿಂಟ್ ಗಾರ್ಡ್ ಬೇಕೇ ಬೇಕು

“ಬೇಡ ಅಂದ್ರೆ ಬೇಡ ಕಣ್ರೀ! ನಿಮ್ಮಂಥ ಆಟಗಾರ ಈಗ ಯಾವ ಟೀಮಿಗೂ ಬೇಡ!”

“ಬೇಡವಾ? ಹಾಗಾದ್ರೆ ಚೆಂಡಿಗೇನು ಕಾಲು ಬಂದು, ತಾನೇ ನಡ್ಕೊಂಡು ಹೋಗಿ ಬುಟ್ಟಿಗೆ ಬೀಳತ್ತಾ?”

“ಐದೂ ಜನ ತರ್ತಾರೆ, ಐದೂ ಜನ ಎಸೀತಾರೆ. ಆಟ ಈಗ ಹಾಗಿದೆ. ಒಬ್ಬನೇ ಚೆಂಡು ಇಟ್ಕೊಂಡು, ಅವನಿಗೆ ಕೊಡ್ಲಾ ಇವನಿಗೆ ಕೊಡ್ಲಾ ಅಂತ ಕತ್ತು ತಿರುಗಿಸ್ತಾ ನಿಂತಿರೋ ಕಾಲ ಹೋಯ್ತು!”

“ಐದೂ ಜನ ಎಸೆದ್ರೆ ಕೊಡೋನು ಯಾವನ್ರೀ? ಬಸ್ಸಲ್ಲಿ ಇರೋರೆಲ್ಲ ಕಿಟಕಿ ಪಕ್ಕ ಕೂತ್ಕೊಂಡ್ರೆ ಓಡಿಸೋನು ಯಾವನು?”

“ಬಸ್ಸು ಬೇರೆ, ಬ್ಯಾಸ್ಕೆಟ್‌ಬಾಲ್ ಬೇರೆ!”

“ನಿಮಗೆ ಎರಡೂ ಗೊತ್ತಿಲ್ಲ!”

“ನಾಳೆ ಬೆಳಿಗ್ಗೆ ನೋಟಿಸ್ ಹಾಕಿಸ್ತೀನಿ, ನೋಡ್ತಿರಿ!”

“ಹಾಕಿಸ್ರೀ! ದಪ್ಪ ಅಕ್ಷರದಲ್ಲಿ ಹಾಕಿಸ್ರೀ! ಕನ್ನಡಕ ಇಲ್ದೇನೂ ಓದೋ ಹಾಗಿರ್ಲಿ!”

ಹೀಗೆ ಗಂಟಲು ಹರಿದುಕೊಳ್ಳುತ್ತಿದ್ದವರಲ್ಲಿ ಮೊದಲನೆಯವರು ಬೀಗದ ಕಾರ್ಖಾನೆಯ ವೆಲ್ಫೇರ್ ಆಫೀಸರ್. ವಯಸ್ಸು ಇಪ್ಪತ್ತೆಂಟು, ಕೆಲಸಕ್ಕೆ ಬಂದು ಮೂರು ತಿಂಗಳು. ಕೆಲಸಗಾರರ ಕ್ಷೇಮ ನೋಡಿಕೊಳ್ಳುವುದು ಅವರ ಕೆಲಸ. ಕ್ಯಾಂಟೀನಿನ ತಟ್ಟೆ, ಕಕ್ಕಸಿನ ಚಿಲಕ, ಬ್ಯಾಸ್ಕೆಟ್‌ಬಾಲ್ ಟೀಮು ಇವು ಮೂರೂ ಕ್ಷೇಮದ ಕೆಳಗೇ ಬರುವುದರಿಂದ ಮೂರಕ್ಕೂ ಅವರೇ ಯಜಮಾನರು. ಎರಡನೆಯವನು ಅದೇ ಕಾರ್ಖಾನೆಯ ಸ್ಟೋರ್ ಕೀಪರ್. ಅವನನ್ನು ಎಲ್ಲರೂ ಕರೆಯುವುದು ಉಗ್ರಾಣಿ ಎಂದು. ವಯಸ್ಸು ಐವತ್ತೊಂದು. ಇಪ್ಪತ್ತಾರು ವರ್ಷದಿಂದ ಆ ಟೀಮಿನ ಪಾಯಿಂಟ್ ಗಾರ್ಡ್.

ಚೆಂಡನ್ನು ಅಂಕಣದ ಈ ತುದಿಯಿಂದ ಆ ತುದಿಗೆ ಪುಟಿಸುತ್ತ ತಂದು, ಯಾರಿಗೆ ಎಲ್ಲಿ ಯಾವಾಗ ಕೊಡಬೇಕೋ ಕೊಡುವವನಿಗೆ ಆ ಆಟದಲ್ಲಿ ಪಾಯಿಂಟ್ ಗಾರ್ಡ್ ಎನ್ನುತ್ತಾರೆ. ಆ ಹೆಸರಿಟ್ಟ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ನಮ್ಮ ಉಗ್ರಾಣಿಯಂತೂ ಪಾಯಿಂಟನ್ನೂ ಮಾಡಿದವನಲ್ಲ, ಏನನ್ನೂ ಕಾದವನೂ ಅಲ್ಲ. ಅವನದು ಕೊಡುವ ಕೆಲಸ. ಹಗಲೆಲ್ಲ ಸ್ಟೋರಿನ ಕಿಂಡಿಯಲ್ಲಿ ಕೂತು ಕೇಳಿದವರಿಗೆ ಸ್ಪ್ರಿಂಗು, ಸ್ಕ್ರೂ, ಹಿತ್ತಾಳೆ ತಗಡು ಕೊಡುವುದು. ಸಂಜೆಯಾದರೆ ಅಂಕಣಕ್ಕಿಳಿದು ಕೇಳದವರಿಗೂ ಚೆಂಡು ಕೊಡುವುದು.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಆ ಕಾರ್ಖಾನೆಯಿಂದ ಒಂದು ಮೊಳೆ ಹೊರಗೆ ಹೋಗಬೇಕಾದರೂ ಉಗ್ರಾಣಿ ತನ್ನ ಕೈಯಾರೆ ಬರೆದ ಗೇಟ್ ಪಾಸು ಬೇಕು. ಪಾಸಿನ ಕೆಳಗೆ ಎರಡು ಚೌಕ. ರಿಪೇರಿಗೆ ಹೋಗಿ ವಾಪಸ್ ಬರುವ ವಸ್ತುವಾದರೆ ‘ಮರಳುವುದು’ ಎಂಬ ಚೌಕಕ್ಕೆ ಗೀಟು. ಹೋದದ್ದು ಹೋಗಿಯೇ ಬಿಡುವುದಾದರೆ ‘ಮರಳದು’ ಎಂಬುದಕ್ಕೆ. ಯಾವ ಗಳಿಗೆಯಲ್ಲಿ ಯಾವ ಲಾರಿ ಬಂದು ನಿಲ್ಲುತ್ತದೋ ಯಾರಿಗೆ ಗೊತ್ತು? ಅದಕ್ಕೇ ಅವನ ಹೆಂಡತಿ ಆಟದ ಚಡ್ಡಿಗೂ ಹಿಂದೊಂದು ಜೇಬು ಹೊಲಿದು ಕೊಟ್ಟಿದ್ದಳು. ಪಾಸಿನ ಪುಸ್ತಕ, ಗಿಡ್ಡ ಪೆನ್ಸಿಲು ಎರಡನ್ನೂ ಅದರಲ್ಲಿ ಇಟ್ಟುಕೊಂಡೇ ಅವನು ಇಪ್ಪತ್ತಾರು ವರ್ಷ ಆಡಿದ್ದ. ಎದುರು ತಂಡದವರು ‘ಪಾಸ್ ಕೊಡಯ್ಯಾ’ ಎಂದು ಕಿಚಾಯಿಸಿದರೆ ಅದರಲ್ಲೂ ಅವನಿಗೆ ಹೆಮ್ಮೆ.

ಆದರೆ ಆ ಹೆಮ್ಮೆಯೊಳಗೆ ಒಂದು ಮುಳ್ಳು ಮುರಿದುಕೊಂಡಿತ್ತು. ಆ ಮುಳ್ಳಿನ ಹೆಸರು ಏಣಿ.

ಏಣಿ ಎಂದರೆ ಕಾರ್ಖಾನೆಯ ಎಲೆಕ್ಟ್ರಿಷಿಯನ್. ನೆಲದ ಮೇಲೆ ನಿಂತೇ ಬಲ್ಬು ಬದಲಾಯಿಸುತ್ತಿದ್ದ ಅವನಿಗೆ ಏಣಿ ಬೇಕಾಗಿರಲಿಲ್ಲ, ಅದಕ್ಕೇ ಆ ಹೆಸರು. ಇಪ್ಪತ್ತು ವರ್ಷ ಅವನೂ ಉಗ್ರಾಣಿಯೂ ಜೋಡಿ. ಉಗ್ರಾಣಿ ಎರಡು ಸಲ ಚೆಂಡು ಪುಟಿಸುವುದು, ಬಲಕ್ಕೆ ನೋಡುವುದು, ನೋಡದೆಯೇ ಎಡಕ್ಕೆ ಎಸೆಯುವುದು. ಅಷ್ಟು ಹೊತ್ತಿಗೆ ಬುಟ್ಟಿಯ ಎಡಮಗ್ಗುಲಿಗೆ ಏಣಿಯ ಎರಡು ಕೈ ಬಂದಿರುತ್ತಿದ್ದವು. ಒಮ್ಮೆಯಾದರೂ ತಪ್ಪಿದ್ದಿಲ್ಲ. “ನೀನು ಕೊಡು ಮಾರಾಯ, ನಾನಲ್ಲಿರ್ತೀನಿ” ಎನ್ನುವುದು ಏಣಿಯ ಮಾತು. ಮೊದಲ ದಿನ ಹೇಳಿದ್ದು, ಮತ್ತೆ ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಆರು ವರ್ಷದ ಹಿಂದೆ ಏಣಿ ನಿವೃತ್ತನಾಗುವ ಮುಂಚಿನ ಕೊನೆಯ ಪಂದ್ಯಕ್ಕೆ ಉಗ್ರಾಣಿಯ ಹೆಂಡತಿ ಮೊಟ್ಟಮೊದಲ ಸಲ ಆಟ ನೋಡಲು ಬಂದಳು. ಬಿಡುವಿನಲ್ಲಿ ನೀರು ಕೊಡುತ್ತ, “ಅಲ್ಲಾ, ಇಷ್ಟು ವರ್ಷದಲ್ಲಿ ನೀವು ಒಂದ್ಸಲನಾದ್ರೂ ಹಾಕಿದೀರಾ? ಬರೀ ಕೊಡೋದೇನಾ?” ಎಂದು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಗೊತ್ತಾಗದೆ ಕೇಳಿದ್ದು. ಆದರೆ ಗಂಡಸಿಗೆ ಚುಚ್ಚಬೇಕಾದ ಜಾಗಕ್ಕೆ ಸರಿಯಾಗಿ ಚುಚ್ಚಿತು. ಕೊನೆಯ ಗಳಿಗೆಯಲ್ಲಿ ಒಂದೇ ಪಾಯಿಂಟಿನಿಂದ ಹಿಂದಿದ್ದರು. ಎಡಮಗ್ಗುಲಲ್ಲಿ ಏಣಿ ಕೈಚಾಚಿ ನಿಂತಿದ್ದ, ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಉಗ್ರಾಣಿ ಕೊಡಲಿಲ್ಲ. ತಾನೇ ಎಸೆದ. ಚೆಂಡು ಬುಟ್ಟಿಗೂ ಬೀಳಲಿಲ್ಲ, ಹಲಗೆಗೂ ತಾಗಲಿಲ್ಲ, ಕ್ಯಾಂಟೀನಿನ ನೀರಿನ ತೊಟ್ಟಿಗೆ ಬಿತ್ತು. ಪಂದ್ಯ ಹೋಯಿತು. ಏಣಿ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. “ನೀರು ಕುಡಿದು ಬರ್ತೀನಿ” ಎಂದು ಹೋದವನು ಫೋಟೋ ತೆಗೆಯುವಾಗಲೂ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಆಮೇಲೆ ಮಂಡಿ ಆಪರೇಷನ್ನಾಯಿತಂತೆ, ಮನೆಯಲ್ಲೇ ಇದ್ದಾನಂತೆ ಎಂಬ ಸುದ್ದಿಯಷ್ಟೇ ಬಂತು.

ಮನೆ ದೂರವೂ ಅಲ್ಲ. ಕಾರ್ಖಾನೆಯ ಹಿಂದಿನ ಗೇಟಿನ ಮುಂದೆ ದಿನಕ್ಕೆ ನಾಲ್ಕು ಸಲ ಬಸ್ಸು ಹೋಗುತ್ತದೆ. ಅದರ ಕೊನೆಯ ಸ್ಟಾಪಿನಲ್ಲಿಳಿದರೆ ಎದುರಿಗೇ ಏಣಿಯ ಮನೆ. ಆರು ವರ್ಷದಿಂದ ಉಗ್ರಾಣಿ ಆ ಬಸ್ಸಿನ ಹಣೆಯ ಬೋರ್ಡನ್ನು ಓದುತ್ತಲೇ ಇದ್ದ.

---

ಜಗಳವಾಡಿ ಮನೆಗೆ ಬಂದ ಉಗ್ರಾಣಿ ಬೂಟು ಬಿಚ್ಚಿ ಎಸೆದ. ಒಂದು ಬಾಗಿಲಿನ ಹಿಂದೆ ಬಿತ್ತು, ಇನ್ನೊಂದು ಭಾವಮೈದನ ಕಾಲಬುಡಕ್ಕೆ ಬಿತ್ತು.

ಈ ಭಾವಮೈದ, ಎಂದರೆ ಹೆಂಡತಿಯ ತಮ್ಮ, ಅದೇ ಕಾರ್ಖಾನೆಯ ಹೆಡ್ ಗಾರ್ಡು. ಕಾವಲಿನವರ ಭಾಷೆಯಲ್ಲಿ ಅವರು ನಿಲ್ಲುವ ಜಾಗಕ್ಕೆ ಪಾಯಿಂಟ್ ಎನ್ನುತ್ತಾರೆ. ಮುಂದಿನ ಗೇಟು ಪಾಯಿಂಟ್ ಒಂದು, ಗೋದಾಮು ಪಾಯಿಂಟ್ ಎರಡು, ಅಂಕಣದ ಪಕ್ಕದ ಹಿಂದಿನ ಗೇಟು ಪಾಯಿಂಟ್ ಮೂರು. ಒಂಬತ್ತು ವರ್ಷ ಪಾಯಿಂಟ್ ಮೂರರಲ್ಲೇ ನಿಂತಿದ್ದರೂ ಇವನು ಒಂದು ಪಂದ್ಯವನ್ನೂ ನೋಡಿದವನಲ್ಲ. ಕಾವಲಿನವನು ರಸ್ತೆಗೆ ಮುಖ ಮಾಡಿ ನಿಲ್ಲಬೇಕೆಂಬುದು ನಿಯಮ. ಬೆನ್ನ ಹಿಂದೆ ಗಲಾಟೆಯಾದಾಗ ‘ಏನೋ ನಡೀತಿದೆ’ ಎಂದುಕೊಂಡಿದ್ದನೇ ಹೊರತು ತಿರುಗಿರಲಿಲ್ಲ.

“ಯಾಕೆ ಭಾವ, ಮುಖ ಹೀಗಿದೆ?” ಎಂದ.

“ಇನ್ನೇನಿದೆಯಪ್ಪಾ. ಪಾಯಿಂಟ್ ಗಾರ್ಡೇ ಬೇಡವಂತೆ.”

ಭಾವಮೈದನ ಕೈಯಲ್ಲಿದ್ದ ಲೋಟ ಬಾಯಿಗೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ.

“ಯಾರು ಅಂದಿದ್ದು?”

“ವೆಲ್ಫೇರ್ ಆಫೀಸರ್ರು. ಅದು ಹಳೇ ಕಾಲದ ಪದ್ಧತಿಯಂತೆ. ಒಬ್ಬನೇ ನಿಂತ್ಕೊಂಡು ಆ ಕಡೆ ಈ ಕಡೆ ಕತ್ತು ತಿರುಗಿಸ್ತಾ ಇರೋದು ದಂಡವಂತೆ.”

“ದಂಡ ಅಂದ್ರಾ? ಬಿಸಿಲಲ್ಲಿ ಒಂದಿನ ನಿಂತು ನೋಡ್ಲಿ!”

“ಅದೇ ನಾನೂ ಅಂದಿದ್ದು! ಇನ್ಮೇಲೆ ಎಲ್ರೂ ಎಲ್ಲ ಕಡೆ ನೋಡ್ಕೋತಾರಂತೆ. ಅದಕ್ಕೇ ಅಂತ ಒಬ್ಬ ಬೇಕಿಲ್ಲವಂತೆ.”

“ಎಲ್ರೂ ನೋಡ್ಕೊಂಡ್ರೆ ಯಾರೂ ನೋಡ್ಕೊಳ್ಳಲ್ಲ ಭಾವ!”

ಉಗ್ರಾಣಿ ಕೂತಲ್ಲಿಂದ ಎದ್ದುಬಿಟ್ಟ. ಇಪ್ಪತ್ತಾರು ವರ್ಷದಲ್ಲಿ ಆಟದ ಮರ್ಮವನ್ನು ಇಷ್ಟು ಚೆನ್ನಾಗಿ ಒಬ್ಬರೂ ಹೇಳಿರಲಿಲ್ಲ. ಹೆಂಡತಿಯ ಕಡೆಯವರಲ್ಲಿ ಇಂಥ ಬುದ್ಧಿವಂತ ಇದ್ದಾನೆಂದು ಅವನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

“ಬೆಳಿಗ್ಗೆ ನೋಟಿಸ್ ಹಾಕ್ತಾರಂತೆ,” ಎಂದ.

ಭಾವಮೈದ ಅವನ ಎರಡೂ ಕೈ ಹಿಡಿದುಕೊಂಡ. “ನಮಗೋಸ್ಕರ ಇಷ್ಟು ನೊಂದ್ಕೊಂಡಿದೀರಲ್ಲ ಭಾವ. ಇದನ್ನ ನಾನು ಮರೆಯಲ್ಲ. ನಾಳೆ ನೋಡಿ ಏನ್ಮಾಡ್ತೀನಿ!” ಎಂದು ಟೋಪಿ ಹಾಕಿಕೊಂಡು ಹೊರಟೇಹೋದ.

‘ನಮಗೋಸ್ಕರ’ ಎಂದನೋ ‘ನಿಮಗೋಸ್ಕರ’ ಎಂದನೋ ಎಂದು ಉಗ್ರಾಣಿ ಯೋಚಿಸಲು ಹೋಗಲಿಲ್ಲ. ಯೋಚಿಸುವ ಸ್ವಭಾವ ಅವನದಲ್ಲ, ಕೊಡುವ ಸ್ವಭಾವ.

ಹೆಂಡತಿ ತಟ್ಟೆ ಇಡುತ್ತ, “ಅವರು ತೆಗೆದ್ರೆ ತೆಗೀಲಿ ಬಿಡಿ. ಮಂಡಿನೂ ಸವೆದಿದೆ. ಆ ಬಿಡುವಲ್ಲಿ ಒಂದ್ಸಲ ಏಣಿಯಣ್ಣನ ಮನೆಗೆ ಹೋಗಿ ಬನ್ನಿ ಅಂತ ಆರು ವರ್ಷದಿಂದ ಬಡ್ಕೋತಿದೀನಿ” ಎಂದಳು.

“ಹೋಗಿ ಏನಂತ ಹೇಳ್ಲಿ? ಬರೀ ಕೈ ಬೀಸ್ಕೊಂಡು ಹೋಗಿ ಬಾಗಿಲಲ್ಲಿ ನಿಂತ್ಕೊಳ್ಳಾ?”

“ಕೈಲಿ ಏನಾದ್ರೂ ಹಿಡ್ಕೊಂಡು ಹೋಗಿ.”

“ಏನು ಹಿಡ್ಕೊಂಡು ಹೋಗ್ಲಿ? ಅವನಿಗೆ ಕೊಡಬೇಕಾಗಿದ್ದು ಒಂದೇ ಇತ್ತು. ಅದನ್ನ ಕೊಡಲಿಲ್ಲ,” ಎಂದು ಉಗ್ರಾಣಿ ತಟ್ಟೆಯ ಮೇಲೆ ಬಗ್ಗಿದ.

---

ಮರುದಿನ ಎಂಟಕ್ಕೆ ನೋಟಿಸು ಬಿತ್ತು. ಆಫೀಸರು ಮಾತಿಗೆ ತಪ್ಪಿರಲಿಲ್ಲ, ದಪ್ಪ ಅಕ್ಷರದಲ್ಲೇ ಹಾಕಿಸಿದ್ದರು:

‘ಸಂಬಂಧಪಟ್ಟವರೆಲ್ಲರ ಗಮನಕ್ಕೆ. ಇಂದಿನಿಂದ ಪಾಯಿಂಟ್ ಗಾರ್ಡ್ ಸ್ಥಾನವನ್ನು ರದ್ದುಪಡಿಸಲಾಗಿದೆ. ಇನ್ನು ಮುಂದೆ ಎಲ್ಲರೂ ಎಲ್ಲ ಕಡೆಯೂ ನೋಡಿಕೊಳ್ಳತಕ್ಕದ್ದು.’

ಬ್ಯಾಸ್ಕೆಟ್‌ಬಾಲ್ ಎಂಬ ಒಂದೇ ಒಂದು ಪದ ಅದರಲ್ಲಿ ಇರಲಿಲ್ಲ. ಬರೆಯುವವರಿಗೆ ತಮಗೆ ಗೊತ್ತಿರುವುದು ಲೋಕಕ್ಕೆಲ್ಲ ಗೊತ್ತಿರುತ್ತದೆ ಎಂಬ ಭ್ರಮೆ.

ಎಂಟೂ ಹತ್ತಕ್ಕೆ ಹನ್ನೊಂದು ಜನ ಕಾವಲಿನವರು ನೋಟಿಸಿನ ಮುಂದೆ ಸಾಲಾಗಿ ನಿಂತು ಓದಿದರು. ಕಾಲು ಗಂಟೆ ಆಗುವಷ್ಟರಲ್ಲಿ ಮೂರೂ ಗೇಟಿಗೆ ಬೀಗ ಹಾಕಿ, ಬೀಗದ ಕೈಗಳನ್ನು ಟೋಪಿಯೊಳಗಿಟ್ಟುಕೊಂಡು, ಸೈಕಲ್ ನಿಲ್ಲಿಸುವ ಷೆಡ್ಡಿನ ಕೆಳಗೆ ಕೂತುಬಿಟ್ಟರು. ಒಂಬತ್ತಕ್ಕೆ ಬಂದ ಆಫೀಸರ ಸ್ಕೂಟರು ಗೇಟಿನ ಆಚೆಯೇ ನಿಂತಿತು. ಅವರು ಬೀಗವನ್ನು ಕಲ್ಲಿನಿಂದ ಜಜ್ಜಿದರು, ಕಬ್ಬಿಣದ ಸಲಾಕೆ ತಂದು ಮೀಟಿದರು. ಬೀಗ ಅದೇ ಕಾರ್ಖಾನೆಯದು. ಅಲ್ಲಾಡಲಿಲ್ಲ. ಒಳಗೆ ನಿಂತು ನೋಡುತ್ತಿದ್ದ ಕೆಲಸಗಾರರಿಗೆ ಅವತ್ತು ತಮ್ಮ ಕೈಕೆಲಸದ ಮೇಲೆ ಹುಟ್ಟಿದ ಅಭಿಮಾನ ಹಿಂದೆಂದೂ ಹುಟ್ಟಿರಲಿಲ್ಲ.

“ಅದು ಆಟದ ನೋಟಿಸ್ ಕಣ್ರಯ್ಯಾ!” ಎಂದು ಆಫೀಸರು ಆಚೆಯಿಂದ ಕೂಗಿದರು.

“ನೋಡ್ರೋ! ನಮ್ಮ ಹೊಟ್ಟೆಪಾಡು ಇವರಿಗೆ ಆಟವಂತೆ!” ಎಂದು ಒಬ್ಬ ಕಾವಲಿನವನು ಕೂಗಿದ. ಆಮೇಲೆ ಆಫೀಸರ ಮಾತು ಯಾರ ಕಿವಿಗೂ ಬೀಳಲಿಲ್ಲ.

ಸುದ್ದಿ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವಾಗ ಮೈ ತುಂಬಿಕೊಂಡಿತು. ಎರಕದ ಮನೆಯಲ್ಲಿ ‘ಕಾವಲಿನವರನ್ನ ತೆಗೀತಾರಂತೆ’ ಎಂದಿದ್ದದ್ದು ಪಾಲಿಷ್ ವಿಭಾಗಕ್ಕೆ ಬರುವಾಗ ‘ಎಲ್ಲರನ್ನೂ ತೆಗೀತಾರಂತೆ’ ಆಯಿತು. ಪ್ಯಾಕಿಂಗಿನವರಿಗೆ ಮುಟ್ಟುವಾಗ ‘ಬೀಗದ ಕಾರ್ಖಾನೆಗೇ ಬೀಗ ಹಾಕ್ತಾರಂತೆ, ಹೋಗಿ ನೋಡು, ಆಗ್ಲೇ ಹಾಕಿದೆ!’ ಎಂದಾಯಿತು. ಹೋಗಿ ನೋಡಿದರೆ ನಿಜವಾಗಿಯೂ ಹಾಕಿತ್ತು. ಮುನ್ನೂರು ಜನ ಮೆಷಿನ್ ನಿಲ್ಲಿಸಿ ಹೊರಗೆ ಬಂದರು. ಸಂಘದ ಕಾರ್ಯದರ್ಶಿ ಒಂದು ಡ್ರಮ್ಮಿನ ಮೇಲೆ ಹತ್ತಿ ನಿಂತ.

“ಪಾಯಿಂಟ್ ಗಾರ್ಡ್!” ಎಂದು ಕೈ ಎತ್ತಿದ.

“ಬೇಕೇ ಬೇಕು!” ಎಂದು ಮುನ್ನೂರು ಗಂಟಲು ಒಟ್ಟಿಗೆ ಕೂಗಿದವು.

ಸ್ಟೋರಿನೊಳಗೆ ಕೂತು ವಾಷರು ಎಣಿಸುತ್ತಿದ್ದ ಉಗ್ರಾಣಿಗೆ ಅದು ಕೇಳಿಸಿತು. ಮೊದಲು ನಂಬಲಿಲ್ಲ. ಕಿಂಡಿಯಿಂದ ಕತ್ತು ಹೊರಗೆ ಹಾಕಿದ. ಮತ್ತೆ ಕೂಗಿದರು. ಕೈಯಲ್ಲಿದ್ದ ವಾಷರುಗಳು ನೆಲದ ಮೇಲೆ ಚೆಲ್ಲಿ ಉರುಳಿದವು. ಇಪ್ಪತ್ತಾರು ವರ್ಷ ಅವನು ಚೆಂಡು ಕೊಟ್ಟಾಗ ಜನ ಚಪ್ಪಾಳೆ ಹೊಡೆದದ್ದು ಅದನ್ನು ಹಾಕಿದವನಿಗೆ. ಪೇಪರಿನಲ್ಲಿ ಹೆಸರು ಬಂದದ್ದು ಹಾಕಿದವನದು. ಇವತ್ತು ಮುನ್ನೂರು ಜನ ಕೆಲಸ ಬಿಟ್ಟು ಬಂದು ಕೊಡುವವನು ಬೇಕು ಎನ್ನುತ್ತಿದ್ದಾರೆ! ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಎಣ್ಣೆಬಟ್ಟೆ. ಮುಖವೆಲ್ಲ ಮಸಿ ಮಾಡಿಕೊಂಡು ಓಡಿಬಂದ.

“ಬನ್ನಿ ಭಾವ! ಮೊದಲು ಸುದ್ದಿ ಕೊಟ್ಟೋರೇ ಇವರು!” ಎಂದು ಭಾವಮೈದ ಅವನನ್ನು ಎತ್ತಿ ಡ್ರಮ್ಮಿನ ಮೇಲೆ ನಿಲ್ಲಿಸಿದ.

“ಮಾತಾಡಿ! ಮಾತಾಡಿ!” ಎಂದರು ಜನ.

ಉಗ್ರಾಣಿ ಬಾಯಿ ತೆರೆದ. ಹತ್ತು ಜನರ ಮುಂದೆ ಮಾತಾಡಿ ಗೊತ್ತಿಲ್ಲದವನು. “ನಾವು... ನಾವು ಏನೂ ದೊಡ್ಡ ಕೆಲಸ ಮಾಡಲ್ಲ,” ಎಂದ. “ನೋಡ್ತಾ ಇರ್ತೀವಿ ಅಷ್ಟೆ. ಯಾರೆಲ್ಲಿದಾರೆ, ಯಾರ ಕೈ ಖಾಲಿ ಇದೆ ಅಂತ. ನಮ್ಮ ಕೈಲಿರೋದನ್ನ ನಾವು ಇಟ್ಕೊಳ್ಳಲ್ಲ. ಒಂದ್ಸಲ ಇಟ್ಕೊಂಡೆ. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ...”

ಉಗ್ರಾಣಿ ಯಾವುದೋ ಕಾಲದಲ್ಲಿ ಸ್ಟೋರಿನಿಂದ ಏನನ್ನೋ ಮನೆಗೆ ಎತ್ತಿಕೊಂಡು ಹೋಗಿರಬೇಕು, ಕಾವಲಿನವರ ಮುಂದೆ ತಪ್ಪೊಪ್ಪಿಕೊಳ್ಳುತ್ತಿದ್ದಾನೆ ಎಂದು ಜನ ತಿಳಿದುಕೊಂಡರು. ಇಂಥ ದೊಡ್ಡತನವನ್ನು ಅವರು ಕಂಡಿರಲಿಲ್ಲ. ಕೆಲವರು ಮೂಗು ಸೀಟಿದರು. ಕಾರ್ಯದರ್ಶಿ ಅವನನ್ನು ತಬ್ಬಿಕೊಂಡು ತನ್ನ ಬಿಳಿ ಅಂಗಿಯನ್ನು ಮಸಿ ಮಾಡಿಕೊಂಡ. ಉಗ್ರಾಣಿ ಮಾತ್ರ ಆ ಮುನ್ನೂರು ತಲೆಗಳ ಮೇಲೆ ಇನ್ನೊಂದು ತಲೆ, ಎಲ್ಲರಿಗಿಂತ ಎತ್ತರದ್ದು, ಕಾಣಿಸುತ್ತದೆಯೋ ಏನೋ ಎಂದು ಹುಡುಕುತ್ತಿದ್ದ. ಇದನ್ನು ಅವನೊಬ್ಬ ಕೇಳಬೇಕಿತ್ತು.

---

ಮ್ಯಾನೇಜರ ಕೋಣೆಗೆ ಮೂವರು ಹೋದರು: ಕಾರ್ಯದರ್ಶಿ, ಭಾವಮೈದ, ಉಗ್ರಾಣಿ. ಮ್ಯಾನೇಜರು ಸಭ್ಯರು. ರಕ್ತದೊತ್ತಡದ ಮಾತ್ರೆಯ ಡಬ್ಬಿಯನ್ನು ಫೈಲಿನ ಪಕ್ಕದಲ್ಲೇ ಇಟ್ಟುಕೊಂಡವರು. ನೋಟಿಸನ್ನು ಅವರು ಓದಿಯೇ ಇರಲಿಲ್ಲ.

“ಒಂದು ಪಾಯಿಂಟ್ ಗಾರ್ಡ್ ಇಲ್ದೆ ಎಷ್ಟು ದಿನ ನಡೆಯತ್ತೆ ಅಂತ ತಿಳ್ಕೊಂಡಿದೀರಿ ಸಾರ್?” ಎಂದ ಕಾರ್ಯದರ್ಶಿ.

“ಕೂತು ಮಾತಾಡೋಣ...”

“ಕೂತು ಮಾತಾಡೋದಲ್ಲ ಸಾರ್ ಇದು, ನಿಂತು ಮಾಡೋ ಕೆಲಸ!” ಎಂದ ಭಾವಮೈದ.

ಮ್ಯಾನೇಜರು ಮೂವರಲ್ಲಿ ಮೆತ್ತಗೆ ಕಂಡ ಉಗ್ರಾಣಿಯ ಕಡೆ ತಿರುಗಿದರು. “ನೀವಾದ್ರೂ ಹೇಳಿ. ನೀವು ಹಳಬರು.”

“ನಾನೇನು ಹೇಳ್ಲಿ ಸಾರ್. ಇಪ್ಪತ್ತಾರು ವರ್ಷದಿಂದ ಕೋರ್ಟಲ್ಲಿದೀನಿ. ಎಷ್ಟು ಗೆದ್ದೆ, ಎಷ್ಟು ಸೋತೆ ಅನ್ನೋದು ಬೇರೆ ಮಾತು. ಇವತ್ತು ಸಂಜೆ ಕರೆದ್ರೂ ಕೋರ್ಟಿಗೆ ಹೋಗೋಕೆ ತಯಾರಾಗಿದೀನಿ. ಚಡ್ಡಿನೂ ಒಗೆದಿಟ್ಟಿದೀನಿ.”

ಚಡ್ಡಿಯ ಮಾತು ಮ್ಯಾನೇಜರ ಕಿವಿಗೆ ಬೀಳಲಿಲ್ಲ. ಇಪ್ಪತ್ತಾರು ವರ್ಷ ಕೋರ್ಟಿನಲ್ಲಿ! ನೋಡಿದರೆ ಹಸುವಿನಂತಿರುವ ಈ ಸ್ಟೋರಿನವನು ಯಾರ ಮೇಲೆ ಎಷ್ಟು ಕೇಸು ಹಾಕಿದ್ದಾನೋ! ಅವರು ಒಂದು ಮಾತ್ರೆ ನುಂಗಿ, ಪೆನ್ನು ತೆಗೆದು, ಕಾರ್ಯದರ್ಶಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಸಹಿ ಹಾಕಿದರು: ‘ಎಲ್ಲ ಪಾಳಿಗಳಲ್ಲಿ, ಎಲ್ಲ ಸಂದರ್ಭಗಳಲ್ಲಿ, ಪಾಯಿಂಟ್ ಗಾರ್ಡ್ ಇರುವುದು ಕಡ್ಡಾಯ.’

ಗೇಟು ತೆರೆಯಿತು. ಬೆವರಿನಲ್ಲಿ ತೊಯ್ದ ವೆಲ್ಫೇರ್ ಆಫೀಸರು ಒಳಗೆ ನುಗ್ಗಿ, ಡ್ರಮ್ಮಿನ ಮೇಲೆ ಹತ್ತಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬ್ಯಾಸ್ಕೆಟ್‌ಬಾಲು. ಐದು ಜನ. ಅದರಲ್ಲಿ ಒಬ್ಬ. ಇಗೋ, ಇವನು.

ಮುನ್ನೂರು ಜನವೂ ಉಗ್ರಾಣಿಯ ಕಡೆ ತಿರುಗಿದರು. ಆಮೇಲೆ ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಎರಕದ ಮನೆಯ ತಗಡಿನ ಮಾಡು ಅದುರುವ ಹಾಗೆ ನಕ್ಕರು. ಸತ್ಯ ಹೇಳಬೇಕೆಂದರೆ ಮ್ಯಾನೇಜರೂ ನಕ್ಕರು, ಅವರಿಗೆ ಅದು ಮಾತ್ರೆಗಿಂತ ಒಳ್ಳೆಯದಾಯಿತು.

“ಭಾವ,” ಎಂದ ಭಾವಮೈದ, ಟೋಪಿ ತೆಗೆದು. “ನಿನ್ನೆ ನೀವು ಹೇಳ್ತಿದ್ದಿದ್ದು... ಆ ಚೆಂಡಾಟದ ವಿಷಯವಾ?”

“ಹೂಂ,” ಎಂದ ಉಗ್ರಾಣಿ. “ಮತ್ತೆ ಇವರೆಲ್ಲ ಕೂಗಿದ್ದು... ನಿನ್ನ ಗೇಟಿನ ವಿಷಯವಾ?”

“ಹೂಂ ಭಾವ.”

ಉಗ್ರಾಣಿ ತಲೆಯಾಡಿಸಿದ. ಸ್ಟೋರಿಗೆ ಹೋಗಿ, ನೆಲದ ಮೇಲೆ ಮಂಡಿಯೂರಿ, ಚೆಲ್ಲಿದ ವಾಷರುಗಳನ್ನು ಒಂದೊಂದಾಗಿ ಆರಿಸತೊಡಗಿದ. ನಗು ಕೇಳಿಸದಿರಲೆಂದು ಕಿಂಡಿ ಮುಚ್ಚಿಕೊಂಡ.

ಆದರೆ ಕಾರ್ಯದರ್ಶಿ ಬಿಡುವ ಆಸಾಮಿಯಲ್ಲ. “ಆಟವೋ ಗೇಟೋ, ಸಹಿ ಸಹಿಯೇ!” ಎಂದು ಕಾಗದವನ್ನು ಆಫೀಸರ ಮೂಗಿಗೆ ಹಿಡಿದ. “ಎಲ್ಲ ಸಂದರ್ಭಗಳಲ್ಲಿ ಅಂತ ಇದೆ, ಓದ್ಕೊಳ್ಳಿ. ಶನಿವಾರದ ಪಂದ್ಯ ಸಂದರ್ಭ ಅಲ್ವಾ? ಇವತ್ತು ಉಗ್ರಾಣಿನ ಕೂರಿಸ್ತೀರಿ, ನಾಳೆ ಇದನ್ನೇ ನೆಪ ಮಾಡಿ ಗಾರ್ಡನ್ನೂ ಮನೇಲಿ ಕೂರಿಸ್ತೀರಿ. ಆಡಿಸದಿದ್ರೆ ಮತ್ತೆ ಬೀಗ!”

ಆಫೀಸರು ಹಲ್ಲು ಕಚ್ಚಿಕೊಂಡು ಪಟ್ಟಿಯಲ್ಲಿ ಹೆಸರು ಸೇರಿಸಿದರು. ಲೋಕದಲ್ಲಿ ಸರ್ಕಾರಿ ಧಾಟಿಯ ಹುಕುಮಿನಿಂದ ಪಾಯಿಂಟ್ ಗಾರ್ಡ್ ಆದವನು ನಮ್ಮ ಉಗ್ರಾಣಿ ಒಬ್ಬನೇ ಇರಬೇಕು.

---

ಶನಿವಾರ ಮಧ್ಯಾಹ್ನ ಮೂರಕ್ಕೆ ಪೈಪಿನ ಕಾರ್ಖಾನೆಯವರ ಜೊತೆ ಪಂದ್ಯ. ಕಾರ್ಖಾನೆಗೆ ಕಾರ್ಖಾನೆಯೇ ನೋಡಲು ಬಂದಿತ್ತು. ಉಗ್ರಾಣಿಯ ಹೆಂಡತಿಯೂ ಬಂದಿದ್ದಳು. ಈ ಸಲ ಏನನ್ನೂ ಕೇಳಬಾರದೆಂದು ಬಾಯಿಗೆ ಸೆರಗು ಅಡ್ಡ ಹಿಡಿದು ಕೂತಿದ್ದಳು.

ಸುಳ್ಳು ಹೇಳಿ ನನಗೇನಾಗಬೇಕು? ಆಫೀಸರು ಹೇಳಿದ್ದು ತಪ್ಪಾಗಿರಲಿಲ್ಲ. ಸಿಕ್ಕವನು ಚೆಂಡು ತಂದ, ತಂದವನು ಎಸೆದ, ಎಸೆದದ್ದು ಬಿತ್ತು. ಯಾರೂ ಯಾರನ್ನೂ ಕಾಯಲಿಲ್ಲ, ಯಾರೂ ಯಾರನ್ನೂ ನೋಡಲಿಲ್ಲ. ಪಂದ್ಯ ಮುಗಿಯಲು ಎರಡು ನಿಮಿಷವಿದ್ದಾಗ ಬೀಗದವರು ಹದಿಮೂರು ಪಾಯಿಂಟು ಮುಂದಿದ್ದರು. ಬೆಂಚಿನ ಮೇಲೆ ಮಂಡಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಉಗ್ರಾಣಿಗೆ ಆಟ ತಿಳಿಯುತ್ತದೆ. ಅವನಿಗೆ ಅದು ಕಾಣಿಸಿತು. ಅವನು ಇಲ್ಲದೆ ಟೀಮು ಚೆನ್ನಾಗಿಯೇ ಇತ್ತು.

ಕಾರ್ಯದರ್ಶಿ ಕಾಗದ ಎತ್ತಿ ತೋರಿಸಿದ.

“ಹೋಗಿ,” ಎಂದರು ಆಫೀಸರು. ಆಮೇಲೆ ಯಾಕೋ ದನಿ ತಗ್ಗಿಸಿ, “ಎರಡು ನಿಮಿಷ ನಿಂತು ಬನ್ನಿ. ಮಂಡಿ ಜೋಪಾನ” ಎಂದರು.

ಉಗ್ರಾಣಿ ಇಳಿದ. ಚೆಂಡು ಕೈಗೆ ಬಂತು. ಪುಟಿಸುತ್ತ ನಡುಗೆರೆ ದಾಟಿದ. ಟೀಮಿನ ನಾಲ್ವರೂ ದೂರದ ಗೆರೆಯಾಚೆ ನಾಲ್ಕು ದಿಕ್ಕಿಗೆ ಹೋಗಿ ನಿಂತು, “ಇಲ್ಲಿ! ಇಲ್ಲಿ! ಉಗ್ರಾಣಿಯಣ್ಣಾ, ಇಲ್ಲಿ!” ಎಂದು ಕೈ ಬೀಸುತ್ತಿದ್ದರು. ಬುಟ್ಟಿಯ ಹತ್ತಿರ ಒಬ್ಬರೂ ಇರಲಿಲ್ಲ. ಎಡಮಗ್ಗುಲು ಖಾಲಿ ಹೊಡೆಯುತ್ತಿತ್ತು. ಅಷ್ಟು ದೊಡ್ಡ ಖಾಲಿಯನ್ನು ಅವನು ಆ ಅಂಕಣದಲ್ಲಿ ನೋಡಿರಲಿಲ್ಲ.

“ಕೊಡ್ರೀ!” ಎಂದರು ಆಫೀಸರು.

“ಹಾಕಯ್ಯಾ ನೀನೇ!” ಎಂದ ಕಾರ್ಯದರ್ಶಿ.

“ಪಾಸ್ ಕೊಡಯ್ಯಾ!” ಎಂದು ಪೈಪಿನವರು ಕಿಚಾಯಿಸಿದರು.

ಉಗ್ರಾಣಿ ಎರಡು ಸಲ ಚೆಂಡು ಪುಟಿಸಿದ. ಬಲಕ್ಕೆ ನೋಡಿದ. ನೋಡದೆಯೇ ಎಡಕ್ಕೆ ಎಸೆದ.

ಎಂಥ ಎಸೆತ ಅಂತೀರಿ! ಎರಡು ಕೈ ಅಲ್ಲಿದ್ದಿದ್ದರೆ ಬೆರಳು ಮಡಚುವುದಷ್ಟೇ ಬಾಕಿ. ಇರಲಿಲ್ಲ. ಚೆಂಡು ಆ ಜಾಗವನ್ನು ಸೀಳಿಕೊಂಡು ಹೋಗಿ, ಗೆರೆ ದಾಟಿ, ಒಂದು ಸಲ ನೆಲಕ್ಕೆ ಪುಟಿದು, ರಸ್ತೆಗೆ ಮುಖ ಮಾಡಿ ನಿಂತಿದ್ದ ಭಾವಮೈದನ ಕಾಲುಗಳ ನಡುವೆ ತೂರಿ, ಹಿಂದಿನ ಗೇಟಿನಿಂದ ಆಚೆಗೆ ಹೋಯಿತು.

ಜನ ಬಿದ್ದು ಬಿದ್ದು ನಕ್ಕರು. ಹೆಂಡತಿ ಮಾತ್ರ ನಗಲಿಲ್ಲ. ಅವಳು ಎದ್ದು ನಿಂತಿದ್ದಳು.

“ನಾನೇ ತರ್ತೀನಿ ಇರಿ,” ಎಂದು ಉಗ್ರಾಣಿ ಕುಂಟುತ್ತ ಗೇಟಿನ ಕಡೆ ನಡೆದ. ಇದ್ದದ್ದು ಅದೊಂದೇ ಚೆಂಡು, ಇನ್ನೊಂದು ಬೆಳಿಗ್ಗೆಯೇ ಗಾಳಿ ಬಿಟ್ಟಿತ್ತು. ಅಂಪೈರು ಸೀಟಿ ಊದಿ ಆಟ ನಿಲ್ಲಿಸಿದರು.

ಗೇಟಿನಾಚೆ ಚೆಂಡು ಚರಂಡಿಯ ಕಲ್ಲಿಗೆ ಒರಗಿಕೊಂಡು ಕೂತಿತ್ತು. ಉಗ್ರಾಣಿ ಅದನ್ನು ಎತ್ತಿಕೊಂಡ, ಚಡ್ಡಿಗೆ ಒರೆಸಿದ. ಒರೆಸುವಾಗ ಹಿಂದಿನ ಜೇಬಿನ ಪುಸ್ತಕ ಕೈಗೆ ತಾಗಿತು. ಅದೇ ಹೊತ್ತಿಗೆ ನಾಲ್ಕೂವರೆಯ ಬಸ್ಸು ತಿರುವಿನಲ್ಲಿ ಕಾಣಿಸಿತು. ಹಣೆಯ ಮೇಲೆ ಅದೇ ಬೋರ್ಡು.

ಭಾವಮೈದನ ಮುಖ ಕಪ್ಪಿಟ್ಟಿತ್ತು. “ಭಾವ, ಒಂಬತ್ತು ವರ್ಷದಲ್ಲಿ ನನ್ನ ಪಾಯಿಂಟಿಂದ ಒಂದು ಮೊಳೆ ಆಚೆ ಹೋಗಿಲ್ಲ. ನೀವೇ ನೋಡಿದೀರಿ. ಬರವಣಿಗೆ ಇಲ್ದೆ ಇದು ಹೇಗೆ ಹೋಯ್ತು? ನಾಳೆ ನಾನು ಏನಂತ ಉತ್ತರ ಕೊಡ್ಲಿ?”

“ಅಷ್ಟೇ ತಾನೇ,” ಎಂದ ಉಗ್ರಾಣಿ. ಪುಸ್ತಕ ತೆಗೆದ, ಗೇಟಿನ ಕಂಬಕ್ಕೆ ಒತ್ತಿ ಹಿಡಿದ, ಗಿಡ್ಡ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಬರೆದ. ವಸ್ತು: ಚೆಂಡು, ಒಂದು. ಯಾರಿಗೆ: ಏಣಿಗೆ. ಕಾರಣ: ಕೊಡುವುದು ಬಾಕಿ ಇತ್ತು.

ಬಸ್ಸು ಬಂದು ನಿಂತಿತು. ಕಂಡಕ್ಟರು ಚಡ್ಡಿ ಹಾಕಿದ, ಚೆಂಡು ಹಿಡಿದ, ಮಂಡಿಗೆ ಪಟ್ಟಿ ಕಟ್ಟಿದ ಮನುಷ್ಯನನ್ನು ಮೇಲಿಂದ ಕೆಳಕ್ಕೆ ನೋಡಿ, “ಬೇಗ ಹತ್ತಯ್ಯಾ, ಕೊನೇ ಸ್ಟಾಪಾ?” ಎಂದ.

“ಕೊನೇದೇ,” ಎಂದ ಉಗ್ರಾಣಿ. ಪಾಸು ಹರಿದು ಭಾವಮೈದನ ಕೈಗಿಟ್ಟು ಹತ್ತಿದ. ಬಸ್ಸು ಹೋಯಿತು.

ಒಳಗೆ ಸೀಟಿಯ ಮೇಲೆ ಸೀಟಿ. ಒಂಬತ್ತು ಜನ ಆಟಗಾರರು ಬರಿಗೈಯಲ್ಲಿ ನಿಂತಿದ್ದರು. ವೆಲ್ಫೇರ್ ಆಫೀಸರು ಅಂಕಣದ ನಡುವಿನಿಂದ ಕೂಗಿದರು: “ಏನ್ರೀ ಅಲ್ಲಿ? ಚೆಂಡೆಲ್ಲಿ? ಅವರೇನ್ಮಾಡ್ತಿದಾರೆ?”

ಭಾವಮೈದ ತಿರುಗಲಿಲ್ಲ. ಕಾವಲಿನವನು ರಸ್ತೆಗೆ ಮುಖ ಮಾಡಿ ನಿಲ್ಲಬೇಕೆಂಬುದು ನಿಯಮ.

“ಪಾಸ್ ಕೊಟ್ಟಿದಾರೆ ಸಾರ್,” ಎಂದ.

“ಯಾವಾಗ ವಾಪಸ್?”

ಭಾವಮೈದ ಚೀಟಿಯನ್ನು ಬ್ಯಾಟರಿ ಹಾಕಿ ಓದುವವನ ಹಾಗೆ ಕಣ್ಣಿನ ಹತ್ತಿರ ಹಿಡಿದು ನೋಡಿದ. ಕೆಳಗಿನ ಎರಡು ಚೌಕಗಳಲ್ಲಿ ‘ಮರಳದು’ ಎಂಬುದಕ್ಕೆ ಗೀಟು ಬಿದ್ದಿತ್ತು, ಪೆನ್ಸಿಲಿನ ಮೊನೆ ಮುರಿಯುವಷ್ಟು ಒತ್ತಿ.